ಜ್ಯೇಷ್ಠಮಧುವಿಗೆ ತಕ್ಕ ಜೊತೆ

ಜ್ಯೇಷ್ಠಮಧು ನಮ್ಮಲ್ಲಿ ಅಡುಗೆಮನೆಯ ಸಾಮಾನು ಅಲ್ಲ. ಅದು ಬೇಕಾದರೆ ಗ್ರಂಥಿಗೆ ಅಂಗಡಿಗೆ ಹೋಗಬೇಕು. ಅಲ್ಲಿಯೂ ಅದು ಏಲಕ್ಕಿ, ಲವಂಗಗಳ ಸಾಲಿನಲ್ಲಿ ಕೂರುವುದಿಲ್ಲ. ಬಜೆ, ಹಿಪ್ಪಲಿ, ಅಳಲೆಕಾಯಿಗಳ ಡಬ್ಬಿಗಳ ನಡುವೆ ಇರುತ್ತದೆ. ಕೆಮ್ಮು ಬಂದಾಗ ಒಂದು ತುಂಡು ಬಾಯಿಗೆ, ಕಛೇರಿಗೆ ಮುಂಚೆ ಹಾಡುವವರ ದವಡೆಗೆ, ಬಾಣಂತಿಯಿರುವ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಕೂಸಿನ ನಾಲಿಗೆಗೆ. ಅಷ್ಟಾದ ಮೇಲೆ ಡಬ್ಬಿ ಮುಚ್ಚುತ್ತದೆ. ತೊಗರಿ, ಕಡಲೆ, ಹುರುಳಿಗಳ ಕುಟುಂಬಕ್ಕೇ ಸೇರಿದ ಗಿಡದ ಬೇರು ಇದು. ಆ ಬಂಧುಗಳೆಲ್ಲ ದಿನವೂ ಒಲೆಯ ಮೇಲಿದ್ದರೂ ಇದು ಮಾತ್ರ ಕಾಯಿಲೆಯ ದಿನಕ್ಕಾಗಿ ಕಾದಿದೆ.

ಈಚೆಗೆ ಈ ಡಬ್ಬಿಯನ್ನು ಅಡುಗೆಗಾಗಿ ತೆರೆಯುವ ಉತ್ಸಾಹ ಅಲ್ಲಲ್ಲಿ ಕಾಣುತ್ತಿದೆ. ಸಕ್ಕರೆ ಕಡಿಮೆ ಮಾಡಬೇಕೆನ್ನುವವರು ಇದರ ಪುಡಿಯನ್ನು ಚಹಾಕ್ಕೆ ಹಾಕುತ್ತಾರೆ, ಪಾಯಸಕ್ಕೆ, ಉಂಡೆಗೆ ಬೆರೆಸುತ್ತಾರೆ. ಇದಕ್ಕೆ ಯಾವುದು ಹೊಂದುತ್ತದೆ ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ ಜಾಡಿನದು: ಬಡೆಸೋಪು, ಚಕ್ರಮೊಗ್ಗು, ಏಲಕ್ಕಿ, ಬೆಲ್ಲ, ಜೇನು. ಸಿಹಿಗೆ ಇನ್ನೊಂದು ಸಿಹಿ, ಕಂಪಿಗೆ ಅದನ್ನೇ ಹೋಲುವ ಕಂಪು. ಈ ದಾರಿ ತಪ್ಪು ಎಂದು ನಾನು ನಂಬುತ್ತೇನೆ. ಜ್ಯೇಷ್ಠಮಧುವಿಗೆ ತಕ್ಕ ಜೊತೆ ಅದರ ಹೋಲಿಕೆಯವರಲ್ಲಿ ಸಿಗುವುದಿಲ್ಲ. ಉಪ್ಪು ಅದರ ಮೊದಲ ಸಂಗಾತಿ. ಆಮೇಲೆ ಕಹಿ, ಆಮೇಲೆ ಕಾಳುಮೆಣಸಿನ ಖಾರ. ಹುಳಿಯೂ ಒಳ್ಳೆಯ ಜೊತೆಯೇ, ಆದರೆ ತುಸು ದೂರದಲ್ಲಿ ನಿಲ್ಲಿಸಬೇಕಾದ ಜೊತೆ. ಈ ಬೇರನ್ನು ತಲೆತಲಾಂತರದಿಂದ ಪ್ರೀತಿಯಿಂದ ತಿನ್ನುತ್ತ ಬಂದ ಹಲವು ನಾಡುಗಳು ಬೇರೆ ಬೇರೆ ಹಾದಿಯಲ್ಲಿ ಇದೇ ತೀರ್ಮಾನಕ್ಕೆ ಬಂದಿವೆ. ಅವು ಹಾಗೇಕೆ ಬಂದವೆಂದು ತಿಳಿಯಲು ಆ ಸಿಹಿಯ ಸ್ವಭಾವವನ್ನು ನೋಡಬೇಕು.

ಜ್ಯೇಷ್ಠಮಧುವಿನ ಸಿಹಿಗೆ ಕಾರಣ ಗ್ಲಿಸಿರೈಜಿನ್ ಎಂಬ ಪದಾರ್ಥ. ತೂಕಕ್ಕೆ ತೂಕ ಹಿಡಿದರೆ ಅದು ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿ. ಒಣಗಿದ ಬೇರಿನಲ್ಲಿ ಅದರ ಪಾಲು ತಳಿ, ನೆಲ, ಅಗೆದ ಕಾಲಗಳನ್ನು ಅನುಸರಿಸಿ ಶೇ. 2ರಿಂದ 15ರ ತನಕ, ಕೆಲವೊಮ್ಮೆ ಅದಕ್ಕೂ ಮೇಲೆ. ಅಡುಗೆ ಮಾಡುವವರಿಗೆ ಈ ಪಟ್ಟುಗಳ ಲೆಕ್ಕಕ್ಕಿಂತ ಆ ಸಿಹಿ ನಾಲಿಗೆಯ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಮುಖ್ಯ. ಸಕ್ಕರೆಯ ಸಿಹಿ ತಟ್ಟನೆ ಬರುತ್ತದೆ, ಬೇಗ ಇಳಿಯುತ್ತದೆ. ಜ್ಯೇಷ್ಠಮಧುವಿನ ತುಂಡು ಬಾಯಲ್ಲಿಟ್ಟರೆ ಮೊದಲು ತಿಳಿಯುವುದು ಕಟ್ಟಿಗೆಯ ರುಚಿ, ಮಣ್ಣಿನ ವಾಸನೆ, ಎಲ್ಲೋ ಒಂದಿಷ್ಟು ಕಹಿ. ಸಿಹಿ ಆಮೇಲೆ ನಿಧಾನವಾಗಿ ಏರುತ್ತದೆ. ಏರಿದ್ದು ಸುಲಭವಾಗಿ ಇಳಿಯುವುದೂ ಇಲ್ಲ. ಉಗುಳು ನುಂಗಿದ ಮೇಲೂ ಗಂಟಲ ಬುಡದಲ್ಲಿ ಕೂತಿರುತ್ತದೆ. ಮೇಲೆ ನೀರು ಕುಡಿದರೆ ಆ ನೀರೂ ಸಿಹಿಯಾಗುತ್ತದೆ.

ಹೀಗೆ ಮೊದಲ ಕ್ಷಣ ಖಾಲಿ, ಕೊನೆಯ ಕ್ಷಣ ಭಾರ. ಇಂಥ ರುಚಿಗೆ ಜೊತೆ ಹುಡುಕುವುದೆಂದರೆ ಆ ಮೊದಲ ಕ್ಷಣವನ್ನು ತುಂಬುವವರನ್ನು, ಕೊನೆಯ ಭಾರವನ್ನು ತಡೆಯುವವರನ್ನು ಹುಡುಕುವುದು. ಉಪ್ಪು ನಾಲಿಗೆಗೆ ತಾಗಿದೊಡನೆ ತಿಳಿಯುತ್ತದೆ. ಹುಳಿಯೂ ಹಾಗೆಯೇ. ಕಾಳುಮೆಣಸಿನ ಖಾರ, ಹಾಗಲದ ಕಹಿ ತಡವಾಗಿ ಬಂದು ತಡವಾಗಿ ಹೋಗುವಂಥವು. ಸಿಹಿ ಗಂಟಲಲ್ಲಿ ಉಳಿದಷ್ಟು ಹೊತ್ತೂ ಅದರ ಪಕ್ಕದಲ್ಲಿ ನಿಂತು ಅದನ್ನು ಅಂಕೆಯಲ್ಲಿಡುತ್ತವೆ. ಬೆಲ್ಲ ಅಥವಾ ಜೇನು ಸೇರಿಸಿದರೆ ಇವೆರಡರಲ್ಲಿ ಒಂದೂ ಆಗುವುದಿಲ್ಲ, ಸಿಹಿಯ ಮೇಲೆ ಸಿಹಿ ಬಿದ್ದು ಬಾಯಿ ಜಡವಾಗುತ್ತದೆ. ಹಾಡಿನ ಹಿಂದೆ ತಂಬೂರಿ ನಿಲ್ಲುವಂತೆ ಜ್ಯೇಷ್ಠಮಧು ಅಡುಗೆಯಲ್ಲಿ ಹಿಂದೆ ನಿಲ್ಲಬೇಕು. ಮುಂದೆ ಹಾಡಲು ಬೇರೊಂದು ರುಚಿ ಬೇಕು.

ಬಡೆಸೋಪು, ಚಕ್ರಮೊಗ್ಗುಗಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಅವುಗಳ ಕಂಪಿಗೆ ಮುಖ್ಯ ಕಾರಣ ಅನೆಥೋಲ್ ಎಂಬ ಸುವಾಸನೆಯ ಎಣ್ಣೆ. ಜ್ಯೇಷ್ಠಮಧುವಿನ ಬೇರಿನಲ್ಲಿ ಅದು ಇದ್ದರೆ ಅತ್ಯಲ್ಪ. ಹಾಗಿದ್ದರೂ ಎರಡೂ ಒಂದೇ ಎಂಬ ನಂಬಿಕೆ ಬೆಳೆದದ್ದು ಪಶ್ಚಿಮದ ಮಿಠಾಯಿಗಳಿಂದ. ಅಮೆರಿಕದಲ್ಲಿ ಈ ಬೇರಿನ ಇಂಗ್ಲಿಷ್ ಹೆಸರಿನಲ್ಲೇ, ಲಿಕ್ಕರಿಸ್ ಎಂದು, ಮಾರುವ ಎಷ್ಟೋ ಮಿಠಾಯಿಗಳಲ್ಲಿ ಈ ಬೇರಿನ ಅಂಶವೇ ಇರುವುದಿಲ್ಲ. ಸೋಂಪಿನ ಎಣ್ಣೆಯ ವಾಸನೆ ಮಾತ್ರ ಇರುತ್ತದೆ. ಅದನ್ನು ತಿಂದು ಬೆಳೆದವರು ಬೇರಿಗೆ ಸೋಂಪಿನ ಕಂಪೇ ಸಹಜವೆಂದು ಬರೆದರು, ನಾವು ಅದನ್ನು ಓದಿ ನಂಬಿದೆವು. ಗ್ರಂಥಿಗೆ ಅಂಗಡಿಯ ಬೇರನ್ನು ಅಗಿದವರಿಗೆ ಅದರಲ್ಲಿ ಸೋಂಪಿನ ಸುಳಿವು ಸಿಗುವುದು ಕಷ್ಟ.

ಉಪ್ಪಿನ ಸಾಕ್ಷ್ಯ ಬಲವಾಗಿ ಸಿಗುವುದು ಉತ್ತರ ಯುರೋಪಿನಲ್ಲಿ. ಫಿನ್ಲೆಂಡ್, ಸ್ವೀಡನ್, ನೆದರ್ಲೆಂಡ್ಸ್‌ಗಳಲ್ಲಿ ಈ ಬೇರಿನ ಸಾರದಿಂದ ಮಾಡಿದ ಕಪ್ಪು ಮಿಠಾಯಿ ಜನರ ನಿತ್ಯದ ತಿನಿಸು. ಡಚ್ಚರು ಅದನ್ನು ಡ್ರಾಪ್ ಎನ್ನುತ್ತಾರೆ. ಸಿಹಿಯದ್ದು, ಉಪ್ಪಿನದ್ದು, ದುಪ್ಪಟ್ಟು ಉಪ್ಪಿನದ್ದು ಎಂದು ಅಂಗಡಿಯಲ್ಲೇ ಬೇರೆ ಬೇರೆ ಸಿಗುತ್ತದೆ. ಫಿನ್ಲೆಂಡಿನ ಸಾಲ್ಮಿಯಾಕ್ಕಿ ಎಂಬ ಮಿಠಾಯಿಯಲ್ಲಿರುವ ಉಪ್ಪು ಅಡುಗೆಯ ಉಪ್ಪಲ್ಲ, ಅಮೋನಿಯಂ ಕ್ಲೋರೈಡ್. ಇದು ನಮಗೆ ಅಪರಿಚಿತ ವಸ್ತುವೇನಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಕಾದ ಪಾತ್ರೆಯೊಳಗೆ ಉದುರಿಸುತ್ತಿದ್ದ ನವಸಾಗರವೇ ಅದು. ಉಪ್ಪು, ಕಹಿ, ಮೂಗಿಗೆ ಹತ್ತುವ ಘಾಟು ಮೂರೂ ಸೇರಿದ ಅದರ ರುಚಿಯನ್ನು ಹೊರಗಿನವರು ಮೊದಲ ಸಲ ತಡೆದುಕೊಳ್ಳುವುದು ಕಷ್ಟ. ಆದರೆ ಆ ಮಿಠಾಯಿಯ ಕಟ್ಟಡವನ್ನು ಗಮನಿಸಿ: ನವಸಾಗರ ಬಾಯಿಗೆ ಬಿದ್ದ ಕ್ಷಣವೇ ಎರಗುತ್ತದೆ, ಅದು ಇಳಿಯುವ ಹೊತ್ತಿಗೆ ಬೇರಿನ ಸಿಹಿ ಏರುತ್ತದೆ. ಒಂದರ ಮುಗಿತಾಯದಲ್ಲಿ ಇನ್ನೊಂದರ ಆರಂಭ. ತಿಂದವರು ಮತ್ತೊಂದು ಕೇಳುವುದು ಈ ಏರಿಳಿತಕ್ಕಾಗಿ.

ಜಪಾನಿನ ಉದಾಹರಣೆ ಇನ್ನೂ ಸೂಕ್ಷ್ಮ. ಅಲ್ಲಿ ಜ್ಯೇಷ್ಠಮಧುವಿನ ಸಾರ ಮಿಠಾಯಿಗಿಂತ ಉಪ್ಪಿನ ಪದಾರ್ಥಗಳಿಗೇ ಹೆಚ್ಚಾಗಿ ಬೀಳುತ್ತ ಬಂದಿದೆ: ಸೋಯಾ ಸಾಸ್‌ಗೆ, ಉಪ್ಪಿನಲ್ಲಿ ಹಾಕಿದ ತರಕಾರಿಗೆ, ಒಣಗಿಸಿದ ಕಡಲ ತಿನಿಸುಗಳಿಗೆ. ದಕ್ಷಿಣದ ಕ್ಯೂಶೂ ದ್ವೀಪದ ಸೋಯಾ ಸಾಸ್ ಉಳಿದೆಡೆಗಿಂತ ಸಿಹಿ. ಅದರ ಹಲವು ತಯಾರಿಕೆಗಳಲ್ಲಿ ಈ ಬೇರಿನ ಪಾಲಿದೆ. ಸೋಯಾ ಸಾಸ್‌ನ ಉಪ್ಪು ಮೊನಚಾದದ್ದು. ಜ್ಯೇಷ್ಠಮಧು ಆ ಮೊನೆಯನ್ನು ಮೊಂಡು ಮಾಡುತ್ತದೆ. ತಿನ್ನುವವರಿಗೆ ಸಿಹಿ ತಿಂದ ಅನಿಸಿಕೆ ಆಗುವುದಿಲ್ಲ, ಉಪ್ಪು ಪಳಗಿದ ಹಾಗೆ ಅನಿಸುತ್ತದೆ. ಇಲ್ಲಿ ಬೇರು ಉಪ್ಪಿಗೆ ಉಪಕಾರ ಮಾಡುತ್ತಿದೆ; ಫಿನ್ಲೆಂಡಿನಲ್ಲಿ ಉಪ್ಪು ಬೇರಿಗೆ ಉಪಕಾರ ಮಾಡುತ್ತದೆ. ಎರಡು ಕಡೆಯಿಂದಲೂ ನಡೆಯುವ ಇಂಥ ಸಂಬಂಧವನ್ನೇ ನಾನು ಜೊತೆ ಎನ್ನುವುದು.

ಹುಳಿಯದು ಬೇರೆ ಕಥೆ, ಮತ್ತು ನನಗೆ ಬಲು ಇಷ್ಟವಾದ ಕಥೆ. ದಕ್ಷಿಣ ಚೀನಾದ ಚಾವೋಶಾನ್ ಪ್ರದೇಶದಲ್ಲಿ ಹೆಚ್ಚಿದ ಹಣ್ಣುಗಳನ್ನು ಜ್ಯೇಷ್ಠಮಧುವಿನ ಪಾಕದಲ್ಲಿ ಹೊರಳಿಸಿ ಬೀದಿಯಲ್ಲಿ ಮಾರುತ್ತಾರೆ. ಸೀಬೆ, ಮಾವು, ಪ್ಲಮ್ ಎಲ್ಲವೂ ಅದರಲ್ಲಿ ಬರುತ್ತವೆ. ಉಪ್ಪು ಮತ್ತು ಜ್ಯೇಷ್ಠಮಧು ಸವರಿ ಒಣಗಿಸಿದ ಹುಳಿ ಪ್ಲಮ್ ದಕ್ಷಿಣ ಚೀನಾದಿಂದ ವಲಸೆ ಹೋದವರೊಡನೆ ಹವಾಯಿ ದ್ವೀಪಗಳನ್ನೂ ಸೇರಿ ಅಲ್ಲಿನ ಮನೆಮಾತಾಗಿದೆ. ತೈವಾನಿನ ದಕ್ಷಿಣದಲ್ಲಿ ಟೊಮೆಟೊ ಹೋಳುಗಳನ್ನು ದಪ್ಪ ಸೋಯಾ ಸಾಸ್, ಶುಂಠಿ, ಸಕ್ಕರೆ, ಜ್ಯೇಷ್ಠಮಧುವಿನ ಪುಡಿ ಕಲಸಿದ ಗೊಜ್ಜಿಗೆ ಅದ್ದಿ ತಿನ್ನುತ್ತಾರೆ. ಹುಳಿ, ಉಪ್ಪು, ಖಾರ, ತಡವಾಗಿ ಬರುವ ಸಿಹಿ, ಎಲ್ಲವೂ ಒಂದೇ ತುತ್ತಿನಲ್ಲಿ.

ಇವೆಲ್ಲವುಗಳಲ್ಲಿ ಒಂದು ಸಂಗತಿ ಸಮಾನವಾಗಿದೆ. ಹುಳಿ ಹಣ್ಣಿನ ಒಳಗಿದೆ, ಬೇರಿನ ಪುಡಿ ಅಥವಾ ಪಾಕ ಹಣ್ಣಿನ ಹೊರಗಿದೆ. ಎರಡೂ ಒಂದೇ ಪಾತ್ರೆಯಲ್ಲಿ ಕುದಿದಿಲ್ಲ. ಸಂಧಿಸುವುದು ನಾಲಿಗೆಯ ಮೇಲೆ. ಇದಕ್ಕೆ ರಸಾಯನಶಾಸ್ತ್ರದ ಕಾರಣವಿದೆ. ಗ್ಲಿಸಿರೈಜಿನ್ ಹುಳಿ ನೀರಿನಲ್ಲಿ ಸರಿಯಾಗಿ ಕರಗದು. ಪ್ರಯೋಗಾಲಯದಲ್ಲಿ ಅದನ್ನು ಬೇರಿನ ಕಷಾಯದಿಂದ ಬೇರ್ಪಡಿಸುವ ಹಳೆಯ ವಿಧಾನವೇ ಕಷಾಯಕ್ಕೆ ಆಮ್ಲ ಹಾಕುವುದು. ಹಾಕಿದರೆ ಅದು ಗಸಿಯಾಗಿ ತಳಕ್ಕೆ ಕೂರುತ್ತದೆ. ಈಜಿಪ್ಟಿನ ಪಾನೀಯ ಮಾರುವವರು ಇದನ್ನೇ ತಿರುಗಿಸಿ ಬಳಸುತ್ತಾರೆ. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಅಲ್ಲಿ ಜ್ಯೇಷ್ಠಮಧುವಿನ ತಣ್ಣನೆಯ ಕಪ್ಪು ಪಾನಕ ಬೇಕೇ ಬೇಕು. ಅದಕ್ಕಾಗಿ ಪುಡಿ ಮಾಡಿದ ಬೇರಿಗೆ ಸ್ವಲ್ಪ ಅಡುಗೆ ಸೋಡಾ ಮತ್ತು ನೀರು ಚಿಮುಕಿಸಿ ಕೈಯಲ್ಲಿ ಉಜ್ಜಿ ಬಿಡುತ್ತಾರೆ. ಸೋಡಾದ ಕ್ಷಾರ ಹುಳಿಗೆ ವಿರುದ್ಧವಾದದ್ದು. ಅದರಿಂದ ಸಿಹಿ ಚೆನ್ನಾಗಿ ಬಿಡುತ್ತದೆ, ಬಣ್ಣ ಗಾಢವಾಗುತ್ತದೆ, ಎತ್ತರದಿಂದ ಸುರಿದಾಗ ನೊರೆ ಏಳುತ್ತದೆ. ಆ ನೊರೆಯೂ ಗ್ಲಿಸಿರೈಜಿನ್‌ನದೇ ಗುಣ. ಅದು ಅಂಟುವಾಳದ ನೊರೆಯ ಜಾತಿಗೆ ಸೇರಿದ ಪದಾರ್ಥ.

ಸ್ವೀಡನ್ನಿನವರಿಗೆ ಪ್ರಿಯವಾದ ಇನ್ನೊಂದು ಮಿಠಾಯಿ ಇದೆ. ಒಂದೇ ತುಂಡಿನಲ್ಲಿ ಒಂದು ಪದರ ಹುಳಿಸಿಹಿ ರಾಸ್ಪ್‌ಬೆರಿ, ಇನ್ನೊಂದು ಪದರ ಉಪ್ಪಿನ ಲಿಕ್ಕರಿಸ್. ಎರಡನ್ನೂ ಕಲಸಿ ಒಂದು ಮಾಡದೆ ಅಂಟಿಸಿಟ್ಟಿದ್ದಾರೆ. ಇಂಗ್ಲೆಂಡಿನ ಬ್ರೇ ಎಂಬ ಊರಿನ ಫ್ಯಾಟ್ ಡಕ್ ಹೋಟೆಲಿನಲ್ಲಿ ಹೆಸ್ಟನ್ ಬ್ಲೂಮೆಂತಾಲ್ ರೂಪಿಸಿದ ಪ್ರಸಿದ್ಧ ಖಾದ್ಯವೊಂದರಲ್ಲಿ ಸಾಲ್ಮನ್ ಮೀನಿನ ತುಂಡಿಗೆ ಲಿಕ್ಕರಿಸ್‌ನ ಕಪ್ಪು ಜೆಲ್ಲಿಯ ಹೊದಿಕೆ. ತಟ್ಟೆಯಲ್ಲಿ ಅದರ ಪಕ್ಕಕ್ಕೆ ಗ್ರೇಪ್‌ಫ್ರೂಟ್ ಹಣ್ಣಿನ ಬಿಡಿಸಿದ ಎಸಳುಗಳು. ಕಹಿಹುಳಿಯ ಆ ಎಸಳುಗಳು ಜೆಲ್ಲಿಯೊಳಗೆ ಸೇರಿಲ್ಲ, ಹೊರಗೆ ಚೆಲ್ಲಿಕೊಂಡಿವೆ. ಬೀದಿಯ ಹಣ್ಣಿನವರಿಂದ ದುಬಾರಿ ಹೋಟೆಲಿನವರೆಗೆ ಎಲ್ಲರೂ ಹುಳಿಯನ್ನು ಕರೆದಿದ್ದಾರೆ, ಎಲ್ಲರೂ ಅದನ್ನು ಒಂದು ಅಂತರದಲ್ಲಿ ಕೂರಿಸಿದ್ದಾರೆ.

ಕಹಿ ಮತ್ತು ಖಾರದ ಮಾತಿಗೆ ಬಂದರೆ ನಾವು ದೂರ ಹೋಗಬೇಕಾಗಿಲ್ಲ. ಚರಕ ಸಂಹಿತೆ ಗಂಟಲಿಗೆ ಹಿತವಾದ ದ್ರವ್ಯಗಳ ಗುಂಪು ಕಟ್ಟುವಾಗ ಜ್ಯೇಷ್ಠಮಧುವನ್ನೂ ಹಿಪ್ಪಲಿಯನ್ನೂ ಒಂದೇ ಪಟ್ಟಿಯಲ್ಲಿಟ್ಟಿದೆ. ಮಲೆನಾಡು, ಕರಾವಳಿಗಳ ಕಷಾಯದ ಪುಡಿಯಲ್ಲಿ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿಗಳ ಜೊತೆ ಎಷ್ಟೋ ಮನೆಗಳವರು ಒಂದು ತುಂಡು ಜ್ಯೇಷ್ಠಮಧು ಹಾಕುತ್ತಾರೆ. ಬೆಳಿಗ್ಗೆ ಕಾಫಿಯ ಬದಲು ಹಾಲು ಬೆಲ್ಲ ಹಾಕಿ ಕುಡಿಯುವ ಆ ಕಷಾಯ ಔಷಧಿಯ ಗಡಿ ದಾಟಿ ಬಹಳ ಕಾಲವಾಯಿತು, ರುಚಿಗಾಗಿಯೇ ಕುಡಿಯುತ್ತಾರೆ. ಅದರಲ್ಲಿ ಬೆಲ್ಲದ ಸಿಹಿ ಮೊದಲು ಬಂದು ಹೋಗುತ್ತದೆ, ಮೆಣಸು ಗಂಟಲಲ್ಲಿ ಉರಿಯತೊಡಗಿದಾಗ ಜ್ಯೇಷ್ಠಮಧು ಬಂದು ಆ ಉರಿಯನ್ನು ನೇವರಿಸುತ್ತದೆ. ಬೆಲ್ಲವನ್ನು ಅರ್ಧಕ್ಕೆ ಇಳಿಸಿದರೂ ಸಿಹಿ ಕಡಿಮೆಯಾಯಿತೆಂದು ಅನ್ನಿಸದಿರುವುದು ಇದರಿಂದ. ನಮ್ಮ ಹೆಂಗಸರು ಅಳತೆಯ ಚಮಚವೂ ಇಲ್ಲದೆ ಸಾಧಿಸಿದ ಈ ಹದ, ಜ್ಯೇಷ್ಠಮಧುವಿನ ಬಗ್ಗೆ ಕನ್ನಡದ ಅಡುಗೆ ಪುಸ್ತಕಗಳು ಮೊದಲು ಕಲಿಯಬೇಕಾದ ಪಾಠ.

ಚೀನೀ ವೈದ್ಯದಲ್ಲಿ ಈ ಬೇರು ಕಟುವಾದ ಮದ್ದುಗಳನ್ನು ಒಂದುಗೂಡಿಸುವ ಹಿರಿಯನಂತೆ ಲೆಕ್ಕ. ಶಾಂಘಾನ್ ಲುನ್ ಎಂಬ ಪ್ರಾಚೀನ ವೈದ್ಯಗ್ರಂಥದ ಅರ್ಧಕ್ಕಿಂತ ಹೆಚ್ಚು ಔಷಧಯೋಗಗಳಲ್ಲಿ ಅದಕ್ಕೆ ಜಾಗವಿದೆ. ಹೊಗೆಸೊಪ್ಪಿನ ಉದ್ಯಮ ಜಗತ್ತಿನ ಜ್ಯೇಷ್ಠಮಧುವಿನ ದೊಡ್ಡ ಪಾಲನ್ನು ಕೊಂಡದ್ದೂ ಅದೇ ಗುಣಕ್ಕಾಗಿ, ಹೊಗೆಯ ಒರಟನ್ನು ಮುಚ್ಚಲು. ಕಹಿಯನ್ನು ಪಳಗಿಸುವ ಈ ಶಕ್ತಿಯನ್ನು ಒಳ್ಳೆಯದಕ್ಕೆ ಬಳಸಿದವರು ಐಸ್‌ಲೆಂಡಿನವರು. ಅಲ್ಲಿ ಲಿಕ್ಕರಿಸ್ ತುಂಬಿದ ಚಾಕಲೇಟು ಬಲು ಜನಪ್ರಿಯ. ಡೆನ್ಮಾರ್ಕಿನಲ್ಲೂ ಈ ಜೋಡಿ ಈಗ ಹೆಸರು ಮಾಡಿದೆ. ಹಾಲಿನ ಚಾಕಲೇಟಿಗಿಂತ ಕಹಿ ಚಾಕಲೇಟಿನಲ್ಲಿ ಅದು ಹೆಚ್ಚು ಚೆಂದ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಚೀನಾದ ಅಡುಗೆಯಲ್ಲಿ ಜ್ಯೇಷ್ಠಮಧು ಮತ್ತು ಚಕ್ರಮೊಗ್ಗು ಒಂದೇ ಪಾತ್ರೆಯಲ್ಲಿ ಬೇಯುತ್ತವಲ್ಲ? ನಿಜ. ಮಾಂಸ, ಮೊಟ್ಟೆ, ಸೋಯಾ ಗಿಣ್ಣುಗಳನ್ನು ಬೇಯಿಸುವ ಅವರ ಕಪ್ಪು ಸಾರಿನಲ್ಲಿ ಚಕ್ಕೆ, ಚಕ್ರಮೊಗ್ಗು, ಸಿಚುವಾನ್ ಮೆಣಸುಗಳ ಜೊತೆ ಜ್ಯೇಷ್ಠಮಧುವಿನ ಹೋಳುಗಳೂ ಇರುತ್ತವೆ. ಆ ಸಾರನ್ನು ಎಸೆಯದೆ ಮತ್ತೆ ಮತ್ತೆ ಕುದಿಸಿ ಬಳಸುತ್ತಾರೆ. ಆದರೆ ಆ ಪಾತ್ರೆಯ ಮುಖ್ಯ ರುಚಿ ಸೋಯಾ ಸಾಸ್‌ನದು, ಅಂದರೆ ಉಪ್ಪಿನದು. ಮಾಂಸದ ಕೊಬ್ಬಿದೆ, ಸಿಚುವಾನ್ ಮೆಣಸಿನ ಜುಮ್ಮೆನ್ನುವ ಘಾಟಿದೆ. ಜ್ಯೇಷ್ಠಮಧುವಿನ ಕೆಲಸ ಈ ಉಪ್ಪಿನೊಡನೆ, ಕೊಬ್ಬಿನೊಡನೆ. ಚಕ್ರಮೊಗ್ಗು ಮೂಗಿಗೆ ಕಂಪು ಕೊಡುತ್ತದೆ. ಉಪ್ಪನ್ನು ತೆಗೆದುಹಾಕಿ ಚಕ್ರಮೊಗ್ಗು ಮತ್ತು ಬೇರು ಎರಡನ್ನೇ ಕುದಿಸಿದರೆ ಉಳಿಯುವುದು ಕೆಮ್ಮಿನ ಔಷಧಿ.

ಇನ್ನೊಂದು ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ. ಎರಡು ಪದಾರ್ಥಗಳಲ್ಲಿ ಒಂದೇ ಸುವಾಸನೆಯ ಅಣುಗಳಿದ್ದರೆ ಅವು ಚೆನ್ನಾಗಿ ಹೊಂದುತ್ತವೆ ಎಂಬ ಸಿದ್ಧಾಂತ ಈ ಶತಮಾನದ ಆರಂಭದಲ್ಲಿ ಬಾಣಸಿಗರ ನಡುವೆ ಬಹಳ ಹರಡಿತು. 2011ರಲ್ಲಿ ಸಂಶೋಧಕರ ತಂಡವೊಂದು 56 ಸಾವಿರಕ್ಕೂ ಹೆಚ್ಚು ಅಡುಗೆ ವಿಧಾನಗಳನ್ನು ಗಣಕದಲ್ಲಿ ಜರಡಿ ಹಿಡಿದು ನೋಡಿತು. ಉತ್ತರ ಅಮೆರಿಕ, ಪಶ್ಚಿಮ ಯುರೋಪುಗಳ ಅಡುಗೆ ಈ ಸಿದ್ಧಾಂತಕ್ಕೆ ಒಗ್ಗಿತು; ಪೂರ್ವ ಏಷ್ಯಾದ ಅಡುಗೆ ಅಂಥ ಸಮಾನ ಜೋಡಿಗಳನ್ನು ತಪ್ಪಿಸುವುದು ಕಂಡಿತು. 2015ರಲ್ಲಿ ಜೋಧಪುರದ ಐಐಟಿಯ ಸಂಶೋಧಕರು ಭಾರತದ 2,543 ಅಡುಗೆಗಳನ್ನು ಇದೇ ಬಗೆಯಲ್ಲಿ ಪರೀಕ್ಷಿಸಿದರು. ಇಲ್ಲಿ ಎರಡು ಪದಾರ್ಥಗಳ ಸುವಾಸನೆ ಎಷ್ಟು ಹೋಲುತ್ತದೆಯೋ ಅವು ಒಂದೇ ಅಡುಗೆಯಲ್ಲಿ ಕೂಡುವ ಸಂಭವ ಅಷ್ಟು ಕಡಿಮೆ, ಮತ್ತು ಈ ಗುಣಕ್ಕೆ ಮುಖ್ಯ ಕಾರಣ ನಮ್ಮ ಮಸಾಲೆಗಳು ಎಂದು ಅವರು ಕಂಡುಕೊಂಡರು. ಅಂದಮೇಲೆ ಹೋಲಿಕೆಯಿಂದ ಜೊತೆ ಕಟ್ಟುವುದು ಕೆಲವು ಪ್ರದೇಶಗಳ ಅಭ್ಯಾಸ. ಅದನ್ನು ಎಲ್ಲರ ನಿಯಮವೆಂದು ನಾವು ಒಪ್ಪಿಕೊಳ್ಳಬೇಕಾಗಿಲ್ಲ.

ಜ್ಯೇಷ್ಠಮಧುವಿನ ವಿಷಯದಲ್ಲಂತೂ ಆ ಸಿದ್ಧಾಂತಕ್ಕೆ ಬುಡವೇ ಸಡಿಲ. ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಹುಮಟ್ಟಿಗೆ ಗಾಳಿಯಲ್ಲಿ ತೇಲಿ ಮೂಗಿಗೆ ಬರುವ ಅಣುಗಳನ್ನು. ಈ ಬೇರಿನ ಹೃದಯವಾದ ಗ್ಲಿಸಿರೈಜಿನ್ ಮೂಗಿಗೆ ಬರುವಂಥದ್ದಲ್ಲ. ಅದು ಭಾರವಾದ ಅಣು, ನಾಲಿಗೆಯ ಮೇಲೆ ಮಾತ್ರ ಬದುಕುತ್ತದೆ. ಮೂಗಿನ ಲೆಕ್ಕದಿಂದ ನಾಲಿಗೆಗೆ ಜೊತೆ ಹುಡುಕಿದರೆ ಹೇಗೆ ಸಿಕ್ಕೀತು?

ಈಗ ಅಪಾಯದ ಮಾತು. ಈ ಬೇರನ್ನು ಅಡುಗೆಗೆ ತರಬೇಕೆನ್ನುವ ಯಾರೇ ಆಗಲಿ ಇದನ್ನು ಮುಚ್ಚಿಟ್ಟು ಬರೆಯಬಾರದು. 1946ರಲ್ಲಿ ರೆವರ್ಸ್ ಎಂಬ ಡಚ್ ವೈದ್ಯರು ಹೊಟ್ಟೆಯ ಹುಣ್ಣಿನ ರೋಗಿಗಳು ಜ್ಯೇಷ್ಠಮಧುವಿನ ಗಟ್ಟಿ ಸಾರದಿಂದ ಗುಣವಾಗುವುದನ್ನು ವರದಿ ಮಾಡಿದರು. ಅದೇ ರೋಗಿಗಳಲ್ಲಿ ಕೆಲವರಿಗೆ ಮೈಯಲ್ಲಿ ನೀರು ತುಂಬಿ ಬಾವು ಬಂದದ್ದನ್ನೂ ಗಮನಿಸಿದರು. ಕಾರಣ ಆಮೇಲೆ ತಿಳಿಯಿತು. ನಮ್ಮ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದಿದೆ. ಗ್ಲಿಸಿರೈಜಿನ್ ದೇಹದಲ್ಲಿ ಒಡೆದು ಬರುವ ಪದಾರ್ಥ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ದೇಹ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. 2020ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಕರಣದಲ್ಲಿ, ಕೆಲವು ವಾರ ದಿನವೂ ಒಂದೂವರೆ ಚೀಲದಷ್ಟು ಕಪ್ಪು ಲಿಕ್ಕರಿಸ್ ಮಿಠಾಯಿ ತಿಂದ ವ್ಯಕ್ತಿ ಹೃದಯ ನಿಂತು ತೀರಿಕೊಂಡರು. ಯುರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಅನ್ನು ಮಿತಿ ಎಂದು ಹಿಡಿದಿದ್ದರು. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಆ ಪ್ರಮಾಣವೂ ಆರೋಗ್ಯವಂತ ಯುವಜನರಲ್ಲಿ ರಕ್ತದೊತ್ತಡವನ್ನು ಏರಿಸಬಲ್ಲದೆಂದು ತೋರಿಸಿತು. ಬೇರಿನಲ್ಲಿ ಈ ಪದಾರ್ಥದ ಪಾಲು ಎಷ್ಟು ಏರುಪೇರಾಗುತ್ತದೆ ಎಂಬುದನ್ನು ಮೇಲೆ ಹೇಳಿದೆ. ಸತ್ವವುಳ್ಳ ಬೇರಾದರೆ ಒಂದೇ ಗ್ರಾಮಿನಲ್ಲಿ 100 ಮಿಲಿಗ್ರಾಂ ದಾಟಬಹುದು.

ಹಾಗಾಗಿ ರಕ್ತದೊತ್ತಡ, ಹೃದಯ, ಮೂತ್ರಪಿಂಡಗಳ ತೊಂದರೆ ಇರುವವರು, ಬಸುರಿಯರು ಇದನ್ನು ಬಿಡಬೇಕು. ಸಹಜ ವಸ್ತು, ಬೇರು ತಾನೆ ಎಂದು ದಿನವೂ ಚಹಾಕ್ಕೆ ಸಕ್ಕರೆಯ ಬದಲು ಹಾಕಿಕೊಳ್ಳುವ ಸಲಹೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನನ್ನ ವಾದದ ಒಳಗೂ ಒಂದು ತೊಡಕಿದೆ, ಅದನ್ನೂ ಹೇಳಬೇಕು. ದೇಹದಲ್ಲಿ ಉಪ್ಪು ಹಿಡಿದಿಡುವ ಬೇರಿಗೆ ಉಪ್ಪನ್ನೇ ಜೊತೆ ಮಾಡುವುದು, ಅದರ ಮೇಲೆ ಆ ಬೇರು ಉಪ್ಪಿನ ಮೊನೆಯನ್ನೂ ಮುಚ್ಚುವುದರಿಂದ ಹಾಕಿದ ಉಪ್ಪು ಬಾಯಿಗೆ ಗೊತ್ತಾಗದಿರುವುದು, ಎರಡೂ ಸೇರಿದರೆ ಕೈ ತಪ್ಪಬಹುದು. ಉಪ್ಪನ್ನು ನಾಲಿಗೆಯ ಮೇಲೆ ಬಿಡದೆ ಅಳತೆಯಿಂದಲೇ ಹಾಕಬೇಕು, ಬೇರನ್ನು ಅಪರೂಪಕ್ಕೆ ಹಾಕಬೇಕು. ಹಬ್ಬದ ಅಡುಗೆಯ ಜಾಯಿಕಾಯಿ, ಕೇಸರಿಗಳ ಹಾಗೆ ಮಿತದಲ್ಲಿ ಬಂದು ಹೋಗುವ ಸಾಮಾನು ಇದು.

ಮಿತಕ್ಕೆ ಬೇರೆ ಕಾರಣವೂ ಉಂಟು: ಹೆಚ್ಚಾದರೆ ರುಚಿಯೇ ಕೆಡುತ್ತದೆ. ನಾಲ್ಕು ಜನರ ಸಾರಿಗೆ ಕಿರುಬೆರಳ ಒಂದು ಗೆಣ್ಣಿನಷ್ಟು ತುಂಡು ಸಾಕು. ಸಿಪ್ಪೆ ಹೆರೆದದ್ದಾದರೆ ಕಹಿ ಕಡಿಮೆ. ಜಜ್ಜಿ ಹಾಕಿ, ಬೇಕಾದಷ್ಟು ಸಿಹಿ ಬಿಟ್ಟೊಡನೆ ಎತ್ತಿಬಿಡಬೇಕು. ಅತಿಯಾಗಿ ಕುದಿಸಿದರೆ ಬೇರಿನ ಕಹಿಯೆಲ್ಲ ನೀರಿಗೆ ಇಳಿಯುತ್ತದೆ. ಇನ್ನೊಂದು ವಿಷಯ ನಮ್ಮ ಕೈಗಳಿಗೆ ಒಗ್ಗಲು ಸಮಯ ಹಿಡಿಯುತ್ತದೆ. ಸಾಸಿವೆ, ಇಂಗು, ಮೆಣಸಿನಕಾಯಿ ಎಲ್ಲವನ್ನೂ ನಾವು ಎಣ್ಣೆಯಲ್ಲಿ ಅರಳಿಸುತ್ತೇವೆ. ಜ್ಯೇಷ್ಠಮಧುವಿಗೆ ಒಗ್ಗರಣೆ ಸಲ್ಲದು, ಅದರ ಸಿಹಿ ಎಣ್ಣೆಗೆ ಬಿಡುವುದಿಲ್ಲ, ಬಿಸಿ ನೀರಿಗೆ ಅಥವಾ ಹಾಲಿಗೆ ಬಿಡುತ್ತದೆ. ಹುಣಸೆರಸ ಹಾಕಿದ ಮೇಲೆ ಬೇರು ಹಾಕುವುದೂ ವ್ಯರ್ಥ. ಬೇರು ಮೊದಲು, ಹುಳಿ ಕೊನೆಗೆ.

ಈ ಕ್ರಮ ಗೊತ್ತಾದರೆ ನಮ್ಮ ಅಡುಗೆಯಲ್ಲಿ ಅದಕ್ಕೆ ಎಷ್ಟೊಂದು ಜಾಗಗಳಿವೆ! ಸೀಬೆಕಾಯಿ ಹೋಳಿಗೆ ಉಪ್ಪು ಖಾರದಪುಡಿ ಸವರಿ ತಿನ್ನುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಆ ಪುಡಿಗೆ ಜ್ಯೇಷ್ಠಮಧುವಿನ ಪುಡಿ ಒಂದು ಚಿಟಿಕೆ ಸೇರಿದರೆ ಚಾವೋಶಾನ್‌ನ ಬೀದಿ ನಮ್ಮ ಬಸ್‌ನಿಲ್ದಾಣಕ್ಕೆ ಬರುತ್ತದೆ. ಹಾಗಲಕಾಯಿ ಗೊಜ್ಜಿಗೆ ಹೋಳು ಬೇಯಿಸುವ ನೀರಿನಲ್ಲೇ ತುಂಡು ಬೇರು ಹಾಕಿ ತೆಗೆದರೆ ಬೆಲ್ಲ ಅರ್ಧ ಉಳಿಯುತ್ತದೆ, ಕಹಿ ಸಾಯದೆ ಮೆತ್ತಗಾಗುತ್ತದೆ. ಹಾಗಲವನ್ನು ಬೆಲ್ಲದಲ್ಲಿ ಮುಳುಗಿಸಿ ಅದರ ಕಹಿಯನ್ನೇ ಕೊಲ್ಲುವವರಿಗೆ ಇದು ಇಷ್ಟವಾಗದಿರಬಹುದು. ನನಗೆ ಹಾಗಲ ಹಾಗಲವಾಗಿ ಉಳಿಯುವುದು ಬೇಕು. ಹುರುಳಿ ಬೇಯಿಸುವಾಗ ಹಾಕಿದರೆ ಕಟ್ಟಿನ ಸಾರಿನ ಮಣ್ಣಿನ ರುಚಿಗೆ ಬೇರಿನ ಮಣ್ಣಿನ ರುಚಿ ಕೂಡುತ್ತದೆ. ಇಲ್ಲಿ ಮಾತ್ರ ಹೋಲಿಕೆಯ ಜೊತೆಯನ್ನು ನಾನು ಒಪ್ಪುತ್ತೇನೆ, ಉಪ್ಪು ಮತ್ತು ಬೆಳ್ಳುಳ್ಳಿ ಗಟ್ಟಿಯಾಗಿ ಇದ್ದರೆ. ಪಾಯಸ, ಹೋಳಿಗೆ, ಬರ್ಫಿಗಳಿಗೆ ಇದು ಬೇಡ.

ಇದಕ್ಕೆ ತೀರ ತಕ್ಕ ಪಾತ್ರೆಯೆಂದು ನನಗೆ ಕಾಣುವುದು ಕೊಡಗಿನ ಪಂದಿಕರಿಯದು. ಕೊಬ್ಬುಳ್ಳ ಮಾಂಸ, ಹುರಿದ ಕಾಳುಮೆಣಸಿನ ಧಾರಾಳ ಖಾರ, ಗಾಢವಾದ ಉಪ್ಪು, ಕಟ್ಟಕಡೆಗೆ ಬೀಳುವ ಕಾಚಂಪುಳಿಯ ಹುಳಿ. ಚೀನಾದ ಕಪ್ಪು ಸಾರಿನಲ್ಲಿ ಬೇರಿಗೆ ಒದಗಿದ ಕೊಬ್ಬು, ಘಾಟು, ಉಪ್ಪು ಮೂರೂ ಇಲ್ಲಿವೆ, ಹುಳಿ ತಾನಾಗಿಯೇ ಕೊನೆಯ ಸರದಿಯಲ್ಲಿ ನಿಂತಿದೆ. ಕೊಡಗಿನವರು ತಮ್ಮ ಅಜ್ಜಿಯರ ಕ್ರಮಕ್ಕೆ ಹೊರಗಿನ ಸಾಮಾನು ಸೇರಿಸಲು ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಒಪ್ಪಿದವರು ಮಾಂಸ ಬೇಯಲು ಇಟ್ಟಾಗ ಜಜ್ಜಿದ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಲಿ, ಅರೆಬೆಂದಾಗ ರುಚಿ ನೋಡಲಿ, ಕಾಚಂಪುಳಿ ಹಾಕುವ ಮುಂಚೆ ಗಂಟನ್ನು ಎತ್ತಿಡಲಿ.